ಡಯಾಲಿಸಿಸ್ ರೋಗಿಯ ಪಾದ: ಕಾಲಿನ ರಕ್ತನಾಳದ ಕಾಯಿಲೆಯನ್ನು ಮೊದಲೇ ಹಿಡಿಯುವ ಬಗೆ

ವಾರಕ್ಕೆ ಎರಡು ಮೂರು ಸಲ, ನಾಲ್ಕು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗುವವರ ಕೈಯ ಫಿಸ್ಟುಲಾವನ್ನು (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಜೋಡಿಸಿದ ಜಾಗ) ಪ್ರತಿ ಬಾರಿಯೂ ಮುಟ್ಟಿ ನೋಡುತ್ತಾರೆ. ಹೊದಿಕೆಯ ಕೆಳಗಿರುವ ಪಾದವನ್ನು ನೋಡುವವರು ಕಡಿಮೆ. ಮೂತ್ರಪಿಂಡ ಕೆಟ್ಟವರಲ್ಲಿ ಕಾಲಿನ ಅಪಧಮನಿ ಕಿರಿದಾಗುವುದು ಸಾಮಾನ್ಯ, ಜೊತೆಗೆ ಸಕ್ಕರೆ ಕಾಯಿಲೆಯೋ ಬೀಡಿಯ ಚಟವೋ ಇದ್ದರೆ ಇನ್ನೂ ಹೆಚ್ಚು. ನಡೆದಾಗ ಮೀನಖಂಡ ಹಿಡಿದುಕೊಳ್ಳುವುದೇ ಇದರ ಲಕ್ಷಣವೆಂದು ಹೇಳುವುದುಂಟು, ಆದರೆ ಮಾನ್ವಿಯಿಂದಲೋ ಸಿಂಧನೂರಿನಿಂದಲೋ ಬಸ್ಸು, ಆಟೋ ಹಿಡಿದು ರಾಯಚೂರಿಗೆ ಬಂದು ಹೋಗುವ ರೋಗಿಯು ಆ ನೋವು ಕಾಣಿಸುವಷ್ಟು ದೂರ ನಡೆಯುವುದೇ ಇಲ್ಲ. ಆದ್ದರಿಂದ ನೋವಿಗೆ ಕಾಯಬಾರದು.

ಡಯಾಲಿಸಿಸ್ ಶುರುವಾದ ವಾರದಲ್ಲೇ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆಯಾದರೂ, ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಬೇಕು. ಎಸಿ ಕೋಣೆಯೊಳಗೆ ಹೋದಮೇಲೆ ಎಲ್ಲರ ಕಾಲೂ ತಣ್ಣಗಾಗುವುದರಿಂದ ಹೊರಗಿರುವಾಗಲೇ ಮುಟ್ಟಿ ನೋಡುವುದು ಮೇಲು. ಬಂಡೆ ಕಾದು ಹೆಂಚಾಗುವ ಮೇ ತಿಂಗಳಲ್ಲೂ ಒಂದು ಪಾದ ಮಾತ್ರ ತಣ್ಣಗಿದ್ದರೆ ಅದನ್ನು ಕಡೆಗಣಿಸಬಾರದು. ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿದಾಗ ಪಾದದ ಮೇಲೆ ಹುರಿಯೊಂದು ಎದ್ದು ಕಾಣುತ್ತದೆ. ಅದರ ಹೊರಬದಿಗೆ, ಪಾದದ ನಡುವಿನಲ್ಲಿ ಮೂರು ಬೆರಳ ತುದಿಗಳನ್ನು ಹಗುರವಾಗಿ ಇಟ್ಟರೆ ನಾಡಿ ಸಿಗಬೇಕು. ಕೈಯ ಹೆಬ್ಬೆರಳಿನಿಂದ ಒತ್ತಿದರೆ ನೋಡುವವರ ನಾಡಿಯೇ ಸಿಕ್ಕು ಮೋಸವಾಗುತ್ತದೆ. ಆರೋಗ್ಯವಂತರಲ್ಲೂ ಕೆಲವರಿಗೆ ಈ ನಾಡಿ ಸಿಗದ ಕಾರಣ, ಕಾಲಹರಡಿನ ಒಳಗಂಟಿನ ಹಿಂದಿರುವ ನಾಡಿಯನ್ನೂ ಹುಡುಕಲೇಬೇಕು.

ಮುಂದಿನದು ಡಾಪ್ಲರ್, ಅಂದರೆ ರಕ್ತದ ಹರಿವನ್ನು ಶಬ್ದದ ಅಲೆಗಳಿಂದ ಹಿಡಿಯುವ ಉಪಕರಣ, ಇಟ್ಟು ಕಾಲಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುವ ಪರೀಕ್ಷೆ. ಫಿಸ್ಟುಲಾ ಇರುವ ಕೈಗೆ ಪಟ್ಟಿ ಕಟ್ಟಕೂಡದು. ತೋಳಿನಲ್ಲಿ 150, ಕಾಲಿನಲ್ಲಿ 120 ಬಂದರೆ ಭಾಗಲಬ್ಧ 0.80. ಈ ಅಂಕೆ 0.90 ಅಥವಾ ಅದಕ್ಕಿಂತ ಕಡಿಮೆ ಎಂದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಎಡವುವುದು ಮಾತ್ರ ಇಲ್ಲಿಯೇ. ಡಯಾಲಿಸಿಸ್ ರೋಗಿಗಳಲ್ಲಿ ರಂಜಕ, ಸುಣ್ಣದ ಅಂಶಗಳು ಏರುಪೇರಾಗಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ; ಹಾಗೆ ಗಟ್ಟಿಯಾದ ನಾಳವು ಪಟ್ಟಿಯ ಒತ್ತಡಕ್ಕೆ ಮಣಿಯದೆ ಅಂಕೆಯನ್ನು ಸುಳ್ಳಾಗಿ ಮೇಲೇರಿಸುತ್ತದೆ. 1.4 ದಾಟಿದರೆ ಅದು ಗಟ್ಟಿ ಕಾಲಲ್ಲ, ಗಟ್ಟಿ ನಾಳ. ಒಳಗೆ ನಾಳ ಕಿರಿದಾಗಿದ್ದರೂ ಈ ಏರಿಕೆಯಿಂದ ಅಂಕೆ 1.0ರ ಆಸುಪಾಸಿಗೆ ಬಂದು ಕೂರಬಹುದಾದ್ದರಿಂದ, ‘ನಾರ್ಮಲ್’ ಎಂದು ಬರೆದ ಚೀಟಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಾಲ್ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುವುದು ಕಡಿಮೆಯಾದ್ದರಿಂದ, ಕಾಲಿನ ಹೆಬ್ಬೆರಳಿನ ಒತ್ತಡವನ್ನು ಅಳೆಯಲು ಕೇಳಬೇಕು, ಅದನ್ನು ತೋಳಿನದರಿಂದ ಭಾಗಿಸಿದಾಗ 0.70ರ ಒಳಗಿನ ಅಂಕೆ ಅನುಮಾನಕ್ಕೆ ಕಾರಣ. ಆಮೇಲೆ ಡಾಪ್ಲರ್ ಸ್ಕ್ಯಾನ್ ಸಾಕಾಗುವುದುಂಟು. ಔಷಧಿ ಚುಚ್ಚಿ ತೆಗೆಯುವ ಸಿಟಿ, ಎಂಆರ್‌ಐಗಳಿಗೆ ಮೊದಲು ಕಿಡ್ನಿ ವೈದ್ಯರನ್ನು ಕೇಳಬೇಕು.

ತಣ್ಣಗಾದ ಪಾದಕ್ಕೆ ಬಿಸಿನೀರಿನ ಚೀಲ ಇಡುವುದು ಬೇಡ. ನರ ಕೆಟ್ಟ ಕಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಬೆರಳಿನ ತುದಿ ಕಪ್ಪಾದರೆ, ಎರಡು ವಾರವಾದರೂ ಗಾಯ ಮಾಯದಿದ್ದರೆ, ಅಥವಾ ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟಾಗಷ್ಟೇ ನೋವು ತಗ್ಗುತ್ತಿದ್ದರೆ, ಮುಂದಿನ ಡಯಾಲಿಸಿಸ್‌ವರೆಗೆ ಕಾಯದೆ ಅಂದೇ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತೋರಿಸಬೇಕು.