ಗುಳೆ ಹೋದವರ ಅರ್ಥಶಾಸ್ತ್ರ ತರಗತಿ

ಐದು ವರ್ಷಗಳ ಹಾಜರಿ ಪುಸ್ತಕಗಳನ್ನು ಒಂದು ಭಾನುವಾರ ಮನೆಗೆ ತಂದು ನೆಲದ ಮೇಲೆ ಸಾಲಾಗಿ ಬಿಡಿಸಿಟ್ಟುಕೊಂಡು ಕುಳಿತೆ. ಪ್ರತಿವರ್ಷ ಮೂರನೇ ಸೆಮಿಸ್ಟರಿಗೆ ಬರುವಷ್ಟರಲ್ಲಿ ನಮ್ಮ ಬಿ.ಎ. ತರಗತಿ ಸೊರಗಿಬಿಡುತ್ತಿತ್ತು. ಹುಡುಗರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲಿ ಆಗಾಗ ಬರುತ್ತಿತ್ತು, ನಾನೂ ಅದನ್ನೇ ನಂಬಿದ್ದೆ. ಗೈರುಹಾಜರಿಯ ಕೆಂಪು ಗುರುತುಗಳನ್ನು ತಿಂಗಳುವಾರು ಎಣಿಸಿದಾಗ ಬೇರೆಯೇ ಚಿತ್ರ ಮೂಡಿತು. ದಸರಾವರೆಗೆ ತರಗತಿ ತುಂಬಿರುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದೊಂದೇ ಹೆಸರು ಜಾರುತ್ತಿತ್ತು. ಅದು ಹತ್ತಿ ಬಿಡಿಸುವ ಕಾಲ, ತೊಗರಿ ಕೊಯ್ಯುವ ಕಾಲ, ಕೆಲಸ ಹುಡುಕಿಕೊಂಡು ಗುಳೆ ಹೋಗುವ ಕಾಲ. ಅಷ್ಟು ವರ್ಷ ನಾನು ದಿನವೂ ತೆರೆದು ಮುಚ್ಚುತ್ತಿದ್ದ ಪುಸ್ತಕದಲ್ಲಿ ಆ ಊರುಗಳ ದುಡಿಮೆಯ ಪಂಚಾಂಗವೇ ಇತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಸಂಕ್ರಾಂತಿಯ ನಂತರ ಸುಮಾರು ಅರ್ಧದಷ್ಟು ಹೆಸರುಗಳ ಮುಂದೆ ಮತ್ತೆ ಹಾಜರಿ ಕಾಣುತ್ತಿತ್ತು. ಎರಡು ದಿನ, ಮೂರು ದಿನ, ಹೆಚ್ಚೆಂದರೆ ಒಂದು ವಾರ. ಆಮೇಲೆ ಪೂರ್ತಿ ಕೆಂಪು. ಅಂದರೆ ಅವರು ಮರಳಿ ಬಂದಿದ್ದರು. ಬೆಂಗಳೂರಿನ ಕಟ್ಟಡದ ಕೆಲಸದಿಂದ, ಹತ್ತಿ ಹೊಲದಿಂದ, ಬಸ್ ಹಿಡಿದು ಓದಲು ಬಂದು ಬೆಂಚಿನ ಮೇಲೆ ಕುಳಿತಿದ್ದರು. ಆ ಹೊತ್ತಿಗೆ ನಾನು ನಾಲ್ಕನೇ ಘಟಕದ ನಡುವೆ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು, ಲೆಕ್ಕ ಹಾಕುತ್ತಿದ್ದೆ; ಹಿಂದಿನ ಮೂರು ಘಟಕಗಳು ಗೊತ್ತಿಲ್ಲದವರಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವರನ್ನು ಕಾಲೇಜಿನಿಂದ ಒಯ್ದದ್ದು ಗುಳೆ. ಮರಳಿ ಬಂದವರನ್ನು ಕಳೆದುಕೊಂಡದ್ದು ನನ್ನ ತರಗತಿ.

ನಾನು ಪಾಠ ಮಾಡುವುದು ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಗಡಿಭಾಗದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ನ್ನು ದಾಟಿದ್ದರೆ ಯಾದಗಿರಿಯದು ಶೇ 52ರ ಆಸುಪಾಸಿನಲ್ಲಿತ್ತು. ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟುಗಳು ಮೀಸಲಾಗಿವೆ. ಅದು ದೊಡ್ಡ ಹೋರಾಟದ ಫಲ, ನಮ್ಮ ಮಕ್ಕಳಿಗೆ ಅದರಿಂದ ಬಾಗಿಲು ತೆರೆದಿದೆ. ಆದರೆ ಎಂ.ಎ. ಸೀಟು ಕಾದಿದ್ದರೂ ಬಿ.ಎ. ಮೂರನೇ ಸೆಮಿಸ್ಟರಿನಲ್ಲಿ ಕೈಬಿಟ್ಟುಹೋದ ಹುಡುಗಿಗೆ ಆ ಸೀಟು ಎಟುಕುವುದಿಲ್ಲ. ಕಾಲೇಜು ವಯಸ್ಸಿನವರ ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ ದೇಶದಲ್ಲಿ ಶೇ 28.4ಕ್ಕೆ ಏರಿದೆ ಎಂದು 2021-22ರ ಸಮೀಕ್ಷೆ ಹೇಳಿತು. ಆ ಅಂಕಿ ಹೆಸರು ಬರೆಸಿಕೊಂಡವರನ್ನು ಎಣಿಸುತ್ತದೆ. ಜನವರಿಯಲ್ಲಿ ಬೆಂಚಿನ ಮೇಲೆ ಯಾರಿದ್ದಾರೆ ಎಂಬುದನ್ನು ಎಣಿಸಬೇಕಾದವರು ನಾವು.

ಮೊದಲು ಮಾಡಿದ ಕೆಲಸ ಸಣ್ಣದು. ಪಠ್ಯಕ್ರಮದ ಘಟಕಗಳ ಸರದಿಯನ್ನು ಬದಲಿಸಿದೆ. ಒಂದರ ಮೇಲೊಂದು ನಿಲ್ಲುವ ಪಾಠಗಳನ್ನು ದಸರಾದೊಳಗೆ ಮುಗಿಸಿ, ತಮ್ಮಷ್ಟಕ್ಕೆ ತಾವು ನಿಲ್ಲಬಲ್ಲ ಪಾಠಗಳನ್ನು ನವೆಂಬರ್‌ನಿಂದ ಮುಂದಕ್ಕೆ ಇಟ್ಟೆ. ವಿಶ್ವವಿದ್ಯಾಲಯ ಕೇಳುವುದು ಪಠ್ಯ ಮುಗಿಯಬೇಕೆಂದು. ಯಾವುದು ಮೊದಲು ಎಂಬುದು ನನ್ನ ಕೈಯಲ್ಲೇ ಇತ್ತು. ಹನ್ನೆರಡು ವರ್ಷ ಅದು ನನಗೆ ಹೊಳೆದಿರಲಿಲ್ಲ.

ಎರಡನೆಯದು ನೋಟ್‌ಬುಕ್. ಗುಳೆ ಹೋಗುವ ಪ್ರತಿಯೊಬ್ಬರಿಗೂ ನಲವತ್ತು ಪುಟದ ಒಂದು ಪುಸ್ತಕ ಕೊಟ್ಟೆ. ದಿನಕ್ಕೆ ನಾಲ್ಕು ಸಾಲು ಸಾಕು ಎಂದೆ: ಎಷ್ಟು ಗಂಟೆ ದುಡಿದಿರಿ, ಕೂಲಿ ಎಷ್ಟು, ಅದನ್ನು ಹೇಗೆ ಲೆಕ್ಕ ಹಾಕಿದರು, ಊಟಕ್ಕೆ ಮತ್ತು ಬಾಡಿಗೆಗೆ ಎಷ್ಟು ಹೋಯಿತು. ಅದನ್ನೇ ಆಂತರಿಕ ಮೌಲ್ಯಮಾಪನದ ನಿಯೋಜಿತ ಕಾರ್ಯವಾಗಿ ಸ್ವೀಕರಿಸುವುದಾಗಿ ಹೇಳಿದೆ. ಮೊದಲ ವರ್ಷ ಹದಿನಾಲ್ಕು ಪುಸ್ತಕಗಳು ಹೊರಟವು, ಒಂಬತ್ತು ಮರಳಿ ಬಂದವು. ಒಂದರ ಮೇಲೆ ಸಿಮೆಂಟಿನ ಕಲೆ, ಇನ್ನೊಂದರಲ್ಲಿ ಅರ್ಧ ಪುಟ ತಂಗಿಯ ಚಿತ್ರಗಳು.

ಆ ಒಂಬತ್ತರಲ್ಲಿ ಒಂದು ಪುಸ್ತಕ ನನ್ನ ಬೋಧನೆಯ ದಾರಿಯನ್ನೇ ತಿರುಗಿಸಿತು. ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ ತಾಯಿಯ ಜೊತೆ ಹತ್ತಿ ಬಿಡಿಸಲು ಹೋಗಿದ್ದಳು. ಅಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಕ ಮಾಡುವಾಗ ಎಲ್ಲರ ತೂಕವನ್ನೂ ಬರೆದಿಟ್ಟಿದ್ದಳು. ಎರಡು ಎಕರೆ ಹೊಲದಲ್ಲಿ ಆರು ಮಂದಿ ಇದ್ದ ದಿನ ಒಟ್ಟು 180 ಕಿಲೋ. ಅಂಥದ್ದೇ ಇನ್ನೊಂದು ಎರಡು ಎಕರೆಗೆ ಹತ್ತು ಮಂದಿ ಇಳಿದ ದಿನ 220 ಕಿಲೋ. ಕೆಳಗೆ ತನ್ನದೇ ಮಾತಿನಲ್ಲಿ ಬರೆದಿದ್ದಳು: "ಮಂದಿ ಹೆಚ್ಚಾದರೆ ಹೊಲದ ಮಾಲೀಕರಿಗೆ ಕೆಲಸ ಬೇಗ ಮುಗಿಯುತ್ತದೆ, ನಮಗೆ ತೂಕ ಕಡಿಮೆಯಾಗುತ್ತದೆ." ಇಳಿಮುಖ ಪ್ರತಿಫಲ ನಿಯಮವನ್ನು ನಾನು ವರ್ಷಗಟ್ಟಲೆ ಪಠ್ಯಪುಸ್ತಕದ ಕೋಷ್ಟಕದಿಂದ ಹೇಳಿಕೊಟ್ಟಿದ್ದೆ. ಭೂಮಿ ಸ್ಥಿರ, ಶ್ರಮ ಬದಲಾಗುವ ಅಂಶ; ಶ್ರಮ ಹೆಚ್ಚಿದಂತೆ ಪ್ರತಿ ಹೆಚ್ಚುವರಿ ಆಳಿನಿಂದ ಸಿಗುವ ಫಲ ಇಳಿಯುತ್ತದೆ. ಅದೇ ಅವಳ ಪುಟದಲ್ಲಿ ಕೂತಿತ್ತು, ಜೊತೆಗೆ ನಿಯಮದ ಹೊರೆಯನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯೂ ಇತ್ತು.

ಆ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯಲು ಅವಳನ್ನೇ ಕರೆದೆ. ಹೆಚ್ಚುವರಿ ನಾಲ್ವರಿಂದ ಕೂಡಿದ್ದು 40 ಕಿಲೋ, ಅಂದರೆ ತಲಾ ಹತ್ತು. ಮೊದಲಿನ ಆರು ಮಂದಿಗೆ ತಲಾ ಮೂವತ್ತು ಬಂದಿತ್ತು. ಮುಂದಿನ ಬೆಂಚಿನ ಹುಡುಗನೊಬ್ಬ, ಬಿಸಿಲಿಗೆ ಸುಸ್ತಾದದ್ದಕ್ಕೂ ತೂಕ ಇಳಿದಿರಬಹುದಲ್ಲ ಎಂದ. ಅವಳು ತಿರುಗಿ, ಬಿಸಿಲು ಎರಡೂ ದಿನ ಇತ್ತು ಎಂದಳು. ಆದರೆ ಬೆಳಿಗ್ಗೆ ಇಬ್ಬನಿ ಬಿದ್ದ ಹತ್ತಿ ತೂಕ ಹೆಚ್ಚು ಬರುತ್ತದೆ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ತಾನೇ ಸೇರಿಸಿದಳು. ಒಂದು ಅಂಶ ಬದಲಾದಾಗ ಉಳಿದವು ಸ್ಥಿರವಾಗಿರಬೇಕು ಎಂಬ ಷರತ್ತನ್ನು ಅಷ್ಟು ಚೆನ್ನಾಗಿ ವಿವರಿಸಿದ ವಿದ್ಯಾರ್ಥಿಯನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ.

ಮರುವರ್ಷ ಸಂಖ್ಯಾಶಾಸ್ತ್ರದ ಪಾಠವನ್ನೂ ಹೀಗೆ ತೆರೆದೆ. ಮನೆಗೆ ಎಷ್ಟು ಎಕರೆ ಜಮೀನಿದೆ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲು ಹೇಳಿದೆ. ಹೆಸರು ಬೇಡ ಎಂದದ್ದು ಮುಖ್ಯ; ಜಮೀನು ಇಲ್ಲ ಎಂಬುದನ್ನು ಎಲ್ಲರೆದುರು ಹೇಳುವುದು ಎಂಥ ಭಾರ ಎಂದು ನನಗೆ ನನ್ನ ಮನೆಯಿಂದಲೇ ಗೊತ್ತು. ಹತ್ತು ಚೀಟಿ ಎತ್ತಿದೆವು: 0, 0, 0, 1, 1, 2, 2, 3, 4, 37. ಸರಾಸರಿ 5 ಎಕರೆ. ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ, ಅಂದರೆ ಮಧ್ಯಾಂಕ, ಒಂದೂವರೆ. "ಸರ್, ಸರಾಸರಿ ನೋಡಿದವರಿಗೆ ನಾವೆಲ್ಲ ಐದು ಎಕರೆಯವರು" ಎಂದ ಒಬ್ಬ. ತರಗತಿ ಒಂದು ಕ್ಷಣ ಮೌನವಾಯಿತು. ಮಧ್ಯಾಂಕ ಏಕೆ ಬೇಕು ಎಂದು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ತೊಗರಿಯ ಬೆಂಬಲ ಬೆಲೆಯೂ ಪಾಠವಾಯಿತು. 2024-25ಕ್ಕೆ ಕ್ವಿಂಟಲ್‌ಗೆ 7,550 ರೂಪಾಯಿ ಎಂದು ಹಲಗೆಯ ಮೇಲೆ ಬರೆದು, ನಿಮ್ಮ ಮನೆಯವರು ಎಷ್ಟಕ್ಕೆ, ಯಾರಿಗೆ ಮಾರಿದರು, ಏಕೆ ಎಂದು ಕೇಳಿ ಬರಲು ಕಳುಹಿಸಿದೆ. ಬಿತ್ತನೆಗೆ ಮುಂಚೆ ದಲಾಲಿ ಅಂಗಡಿಯಿಂದ ಸಾಲ ತಂದವರು ಬೆಲೆ ನೋಡಿ ಮಾರುವ ಸ್ಥಿತಿಯಲ್ಲೇ ಇರುವುದಿಲ್ಲ ಎಂಬ ಉತ್ತರ ಮನೆಮನೆಯಿಂದ ಬಂತು.

ಇನ್ನು ಗುಂಪು ಅಭ್ಯಾಸದ ವಿಷಯ. ನಮ್ಮಲ್ಲಿ ಹಿಂದುಳಿದವರಿಗೆ 'ಪರಿಹಾರ ಬೋಧನೆ' ಎಂಬ ತರಗತಿ ಇದೆ, ಅದಕ್ಕೆ 'ನಿಧಾನ ಕಲಿಕೆಯವರು' ಎಂಬ ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಹೆಸರು ಬಂದ ಹುಡುಗಿ ಮತ್ತೆ ಕಾಲೇಜಿಗೆ ಮುಖ ತೋರಿಸಲು ಹಿಂಜರಿದದ್ದನ್ನು ನಾನು ನೋಡಿದ್ದೇನೆ. 1970ರ ದಶಕದಲ್ಲಿ ಅಮೆರಿಕದ ಬರ್ಕಲಿಯಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತದ ಮೇಷ್ಟ್ರು ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಅಲ್ಲಿನ ಕಪ್ಪು ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಸೋಲುತ್ತಿದ್ದರು. ಅವರು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಸುಲಭ ಪಾಠ ಕೊಡುವ ಬದಲು ಇನ್ನೂ ಕಠಿಣ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಇದನ್ನು ಓದಿದ ದಿನ ನಾನು ಪಟ್ಟಿಯನ್ನು ಬದಿಗಿಟ್ಟೆ. ಮರಳಿ ಬಂದವರು ಮತ್ತು ಇಲ್ಲೇ ಉಳಿದವರು ನಾಲ್ವರ ಗುಂಪಿನಲ್ಲಿ ಕೂರಬೇಕು, ಒಂದು ಗುಂಪಿಗೆ ಒಂದೇ ಹಾಳೆ, ಪ್ರಶ್ನೆ ಮಾತ್ರ ಪರೀಕ್ಷೆಯದಕ್ಕಿಂತ ಕಠಿಣ.

ಮೊದಲ ತಿಂಗಳು ಇದು ಕೆಟ್ಟುಹೋಯಿತು. ಗುಂಪು ನೀವೇ ಮಾಡಿಕೊಳ್ಳಿ ಎಂದಿದ್ದೆ. ಅವರು ಕೇರಿ ಕೇರಿಯಾಗಿ ಕುಳಿತರು. ಊರಿನ ಗೋಡೆಗಳನ್ನು ತರಗತಿಯೊಳಗೆ ಕಟ್ಟಲು ನಾನೇ ಅವಕಾಶ ಕೊಟ್ಟಿದ್ದೆ. ಮುಂದಿನ ವಾರದಿಂದ ಚೀಟಿ ಎತ್ತಿ ಗುಂಪು ಮಾಡಿದೆ, ಪ್ರತಿ ಎರಡು ವಾರಕ್ಕೆ ಬದಲಿಸಿದೆ. ಒಬ್ಬ ತಂದೆ ಬಂದು, "ನಮ್ಮ ಹುಡುಗಿಯನ್ನು ಅವರ ಜೊತೆ ಏಕೆ ಕೂರಿಸುತ್ತೀರಿ ಸರ್?" ಎಂದು ಕೇಳಿದರು. ಕಾಲೇಜಿನಲ್ಲಿ ಎಲ್ಲರೂ ಎಲ್ಲರ ಜೊತೆಗೂ ಕೂರುತ್ತಾರೆ ಎಂದಷ್ಟೇ ಹೇಳಿದೆ. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು ಎಂಬುದು ನನ್ನ ಖಚಿತ ನಿಲುವು. ಆ ಹುಡುಗಿ ಒಂದು ವಾರ ಬರಲಿಲ್ಲ, ಆಮೇಲೆ ಬಂದಳು, ಕಳೆದ ವರ್ಷ ಪದವಿ ಮುಗಿಸಿದಳು.

ಅಭ್ಯಾಸದ ಗಂಟೆಯನ್ನು ಮೊದಲು ಸಂಜೆಗೆ ಇಟ್ಟಿದ್ದೆ, ಅದೂ ತಪ್ಪಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಲ್ಲಿ ಹಳ್ಳಿಯ ಹುಡುಗಿಯರು ಬರುವುದು ಹೆಚ್ಚಾಯಿತು. ಪಾಸ್‌ಗೆ ಹಣ ಹೊಂದಿಸುವ ಚಿಂತೆ ಹೋಯಿತು. ಆದರೆ ಟಿಕೆಟ್ ಉಚಿತವಾದರೂ ಕೆಲವು ಹಳ್ಳಿಗಳಿಗೆ ಕೊನೆಯ ಬಸ್ ನಾಲ್ಕೂವರೆಗೇ ಹೊರಡುತ್ತದೆ. ಗಂಟೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ತಂದೆ.

ಮೊಬೈಲ್ ಬಗ್ಗೆಯೂ ಹೇಳಬೇಕು. 2020ರಲ್ಲಿ ಕಾಲೇಜು ಮುಚ್ಚಿದಾಗ ವಿಡಿಯೊ ಪಾಠಗಳನ್ನು ಕಳುಹಿಸಿದ್ದೆ, ನೋಡಿದವರು ಬೆರಳೆಣಿಕೆಯಷ್ಟು. ಮನೆಗೊಂದೇ ಫೋನ್, ಅದು ಅಣ್ಣನ ಜೇಬಿನಲ್ಲಿ. ಈಗ ಕಳುಹಿಸುವುದು ಎಂಟು ನಿಮಿಷದ ಧ್ವನಿಮುದ್ರಿಕೆ ಮಾತ್ರ: ಕನ್ನಡದಲ್ಲಿ ಒಂದು ಪರಿಕಲ್ಪನೆ, ಕೊನೆಗೆ ಒಂದು ಪ್ರಶ್ನೆ. ಡೇಟಾ ಹೆಚ್ಚು ತಿನ್ನುವುದಿಲ್ಲ, ರೊಟ್ಟಿ ಬಡಿಯುತ್ತಲೂ ಕೇಳಬಹುದು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ರಾತ್ರಿ ಅದನ್ನು ಕೇಳಿಸಿಕೊಂಡ ಒಬ್ಬ ಹುಡುಗನ ಅವ್ವ, ಮರಳಿ ಬಂದ ಮೇಲೆ ನನ್ನನ್ನು ಸಂತೆಯಲ್ಲಿ ನೋಡಿ, "ಬಾಡಿಗೆ ಏಕೆ ಏರುತ್ತದೆ ಎಂದು ಹೇಳಿದವರು ನೀವೇ ಅಲ್ಲವೇ ಸರ್?" ಎಂದು ಗುರುತು ಹಿಡಿದರು.

ಬಗೆಹರಿಯದ್ದು ಹಾಜರಿಯ ನಿಯಮ. ಶೇ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆ ಬರೆಯುವಂತಿಲ್ಲ. ನೋಟ್‌ಬುಕ್‌ಗೆ ಆಂತರಿಕ ಅಂಕ ಸಿಗುತ್ತದೆ, ಹಾಜರಿ ಸಿಗುವುದಿಲ್ಲ. ಹೊಲದಲ್ಲಿ ಕುಳಿತು ಅಂಕಿಅಂಶ ಸಂಗ್ರಹಿಸಿದ ದಿನಗಳನ್ನು ಕ್ಷೇತ್ರಕಾರ್ಯ ಎಂದು ಪರಿಗಣಿಸಿ ಎಂದು ಎರಡು ಬಾರಿ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗೆ ಸಿಗುವ ಹಾಜರಿ ಹತ್ತಿ ಹೊಲದಲ್ಲಿ ಲೆಕ್ಕ ಬರೆದವಳಿಗೆ ಏಕೆ ಸಿಗಬಾರದು ಎಂಬುದಕ್ಕೆ ಯಾರೂ ನನಗೆ ಕಾರಣ ಹೇಳಿಲ್ಲ. ಕಳೆದ ವರ್ಷವೂ ನಾಲ್ವರು ಇದೇ ಕಾರಣಕ್ಕೆ ಪರೀಕ್ಷೆಗೆ ಕೂರಲಾಗಲಿಲ್ಲ. ಅವರಲ್ಲಿ ಇಬ್ಬರು ಹುಡುಗಿಯರಿಗೆ ಮದುವೆಯಾಯಿತು.

ಮೂರನೇ ಪತ್ರದ ಕರಡು ಸಿದ್ಧವಾಗಿದೆ. ಈ ಬಾರಿ ನನ್ನ ಮಾತು ಅದರಲ್ಲಿ ಅರ್ಧ ಪುಟ ಮಾತ್ರ. ಉಳಿದದ್ದು ಲಗತ್ತು: ಇಪ್ಪತ್ತಮೂರು ನೋಟ್‌ಬುಕ್‌ಗಳ ನಕಲು, ಮೊದಲನೆಯದು 180 ಮತ್ತು 220 ಕಿಲೋ ಬರೆದ ಆ ಪುಟ. ಅದನ್ನು ಬಳಸಬಹುದೇ ಎಂದು ಕೇಳಲು ಅವಳಿಗೆ ಫೋನ್ ಮಾಡಿದ್ದೆ. ಈಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದಾಳೆ. "ಬಳಸಿ ಸರ್, ಆದರೆ ಇಬ್ಬನಿಯ ವಿಷಯ ಕೆಳಗೆ ಬರೆಯಿರಿ" ಎಂದಳು. ಬರೆದಿದ್ದೇನೆ.