ಮುಂದಿನ ಎರಡು ಹಲ್ಲುಚಕ್ರ ಕಿತ್ತ ಕಥೆ

"ದುಡ್ಡು ಕೊಟ್ಟು ಗೇರ್ ಕಮ್ಮಿ ಮಾಡ್ಕೊಳ್ಳೋದಾ ಮಾರಾಯ?"

ನಮ್ಮೂರಿನ ಸೈಕಲ್ ಶಾಪಿನ ಅಜ್ಜ ಹೀಗೆ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನನ್ನ ಮೌಂಟನ್ ಬೈಕಿಗೆ ಮುಂದೆ ಮೂರು ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ), ಹಿಂದೆ ಒಂಬತ್ತು ಹಲ್ಲುಚಕ್ರ. ಒಟ್ಟು 27 ಗೇರ್. ಅದರಲ್ಲಿ ಮುಂದಿನ ಎರಡನ್ನು ಕಿತ್ತು ಒಂದೇ ಉಳಿಸುತ್ತೇನೆ ಅಂತ ಹೊರಟಿದ್ದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವರಿಗೆ ಹುಚ್ಚು ಅನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಓಡಿಸುವುದು ಹೆಚ್ಚಾಗಿ ಕಾಫಿ ತೋಟದ ದಾರಿಗಳಲ್ಲಿ. ಬೇಸಿಗೆಯಲ್ಲಿ ತೊಂದರೆ ಇಲ್ಲ. ಜೂನ್ ಬಂತು ಅಂದರೆ ಕಷ್ಟ ಶುರು. ಕೆಂಪು ಮಣ್ಣು, ಕೊಳೆತ ಎಲೆ, ಸಣ್ಣ ಕಡ್ಡಿ ಎಲ್ಲ ಸೇರಿ ಮುಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಭಾಗ) ಒಳಗೆ ಹೋಗಿ ಕೂರುತ್ತವೆ. ಏರು ಶುರುವಾಗುವ ಜಾಗದಲ್ಲಿ ಎಡಗೈ ಲಿವರ್ ಒತ್ತಿದರೆ ಚೈನ್ ಸಣ್ಣ ರಿಂಗಿಗೆ ಇಳಿಯುವುದಿಲ್ಲ. ಇನ್ನೊಮ್ಮೆ ಒತ್ತಿ ಪೆಡಲ್ ತುಳಿದರೆ ಒಮ್ಮೆಗೇ ಇಳಿದು, ರಿಂಗನ್ನೂ ದಾಟಿ ಫ್ರೇಮ್ ಮತ್ತು ಕ್ರ್ಯಾಂಕಿನ (ಪೆಡಲ್ ಮತ್ತು ರಿಂಗ್ ಹಿಡಿಯುವ ತೋಳಿನ) ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲೇ ಬಗ್ಗಿ, ಕೈಯೆಲ್ಲ ಗ್ರೀಸ್ ಮಾಡಿಕೊಂಡು ಅದನ್ನು ಎಳೆದು ತೆಗೆಯುವಷ್ಟರಲ್ಲಿ ಕಾಲಿಗೆ ನಾಲ್ಕು ಇಂಬಳ ಹತ್ತಿರುತ್ತವೆ. ಫ್ರೇಮಿನ ಆ ಭಾಗದಲ್ಲಿ ಬಣ್ಣ ಕೆತ್ತಿ ಹೋಗಿ ಅಲ್ಯೂಮಿನಿಯಂ ಕಾಣುತ್ತಿತ್ತು.

ಜೊತೆಗೆ 27 ಅನ್ನುವ ಲೆಕ್ಕವೇ ಅರ್ಧ ಸುಳ್ಳು. ನನ್ನ ಮುಂದಿನ ರಿಂಗ್‌ಗಳಿಗೆ 22, 32, 44 ಹಲ್ಲು. ಹಿಂದೆ 11ರಿಂದ 34. ಮುಂದೆ 22, ಹಿಂದೆ 17 ಹಾಕಿದರೂ ಒಂದೇ, ಮುಂದೆ 44, ಹಿಂದೆ 34 ಹಾಕಿದರೂ ಒಂದೇ. ಎರಡನ್ನೂ ಭಾಗಿಸಿ ನೋಡಿ, ಒಂದೇ ಉತ್ತರ. ಹೀಗೆ ಒಂದರ ಮೇಲೊಂದು ಬೀಳುವ ಜೋಡಿಗಳನ್ನು, ಚೈನ್ ತೀರಾ ಅಡ್ಡಡ್ಡ ಎಳೆಯುವ ಜೋಡಿಗಳನ್ನು ಬಿಟ್ಟರೆ ನಿಜವಾಗಿ ಕೆಲಸಕ್ಕೆ ಬರುವ ಗೇರ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 44ರ ದೊಡ್ಡ ರಿಂಗನ್ನು ನಾನು ಬಳಸುತ್ತಿದ್ದದ್ದು ಕಡೂರು ಕಡೆಯ ಬಯಲು ರಸ್ತೆಯಲ್ಲಿ ಮಾತ್ರ. ಅದೂ ವರ್ಷಕ್ಕೆ ಎರಡು ಮೂರು ಸಲ.

ಸರಿ, ಕೀಳೋಣ ಅಂತ ತೀರ್ಮಾನಿಸಿದೆ. ಆದರೆ ಮೊದಲ ಸಲ ಜಿಪುಣತನ ಮಾಡಿದೆ. ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು), ಡಿರೇಲರ್, ಚೈನ್ ಎಲ್ಲ ಹಳೆಯದೇ ಇರಲಿ, ಮುಂದೆ ಮಾತ್ರ 32 ಹಲ್ಲಿನ ನ್ಯಾರೋ-ವೈಡ್ ರಿಂಗ್ ಹಾಕಿದರೆ ಸಾಕು ಅಂದುಕೊಂಡೆ.

ನ್ಯಾರೋ-ವೈಡ್ ಅಂದರೆ ಒಂದು ಹಲ್ಲು ದಪ್ಪ, ಪಕ್ಕದ್ದು ಸಣ್ಣ, ಮತ್ತೆ ದಪ್ಪ. ಸೈಕಲ್ ಚೈನನ್ನು ಹತ್ತಿರದಿಂದ ನೋಡಿದರೆ ಒಳಕೊಂಡಿಯ ಸಂದು ಕಿರಿದು, ಹೊರಕೊಂಡಿಯದು ಅಗಲ. ದಪ್ಪ ಹಲ್ಲು ಅಗಲ ಸಂದಿನಲ್ಲಿ, ಸಣ್ಣದು ಕಿರಿದರಲ್ಲಿ ಸರಿಯಾಗಿ ಕೂರುತ್ತದೆ. ಹಾಗಾಗಿ ಚೈನ್ ಅಲುಗಾಡಿ ಜಾರುವುದು ಕಡಿಮೆ. ಈ ರಿಂಗ್‌ಗಳು ಯಾವಾಗಲೂ 30, 32, 34 ಹೀಗೆ ಸಮಸಂಖ್ಯೆಯಲ್ಲೇ ಯಾಕೆ ಬರುತ್ತವೆ ಅಂತ ಆಗ ಅರ್ಥವಾಯಿತು. ಬೆಸಸಂಖ್ಯೆ ಆದರೆ ಒಂದು ಸುತ್ತಿಗೆ ಲೆಕ್ಕ ತಪ್ಪುತ್ತದೆ ಅಲ್ವಾ? 2012ರಲ್ಲಿ ಸ್ರಾಮ್ ಕಂಪನಿ ತನ್ನ ಎಕ್ಸ್ಎಕ್ಸ್1 ಸೆಟ್ಟಿನಲ್ಲಿ ಇಂಥ ಹಲ್ಲು ತಂದ ಮೇಲೆ ಮುಂದೆ ಒಂದೇ ರಿಂಗ್ ಇಡುವುದು ಮಾಮೂಲಿಯಾಯಿತು.

ನನ್ನ ಕ್ರ್ಯಾಂಕಿನಲ್ಲಿ ದೊಡ್ಡ ಮತ್ತು ನಡುವಿನ ರಿಂಗ್‌ಗಳು ನಾಲ್ಕು ಬೋಲ್ಟ್ ಮೇಲೆ ನಿಂತಿದ್ದವು. ಬೋಲ್ಟ್‌ಗಳು ಕೂರುವ ವೃತ್ತದ ಅಡ್ಡಳತೆ 104 ಮಿ.ಮೀ. ಈ ಅಳತೆಯ ರಿಂಗ್ ಹುಡುಕುವುದು ಕಷ್ಟವಲ್ಲ. ರಿಂಗ್‌ಗಳನ್ನು ರಿವೆಟ್ ಹೊಡೆದು ಸೇರಿಸಿದ ಕ್ರ್ಯಾಂಕ್ ನಿಮ್ಮದಾದರೆ ಇಡೀ ಕ್ರ್ಯಾಂಕನ್ನೇ ಬದಲಿಸಬೇಕು. ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಕ್ರ್ಯಾಂಕ್ ಕಳಚಿದೆ. ನನ್ನದು ಎಡಗಡೆಯ ತೋಳಿನಲ್ಲಿ ಎರಡು 5 ಮಿ.ಮೀ. ಅಲೆನ್ ಬೋಲ್ಟ್ ಇರುವ ಬಗೆ, ಸುಲಭವಾಗಿ ಬಂತು. ಮೂರೂ ರಿಂಗ್ ತೆಗೆದೆ. ಹೊಸದನ್ನು ನಡುವಿನ ರಿಂಗ್ ಇದ್ದ ಜಾಗದಲ್ಲಿ ಇಟ್ಟು ಹಳೆಯ ಬೋಲ್ಟ್‌ಗಳನ್ನೇ ಬಿಗಿದೆ. ಬಿಗಿಯಾಯಿತು ಅನಿಸಿತು. ಮರುದಿನ ಓಡಿಸಿದರೆ ಪ್ರತಿ ತುಳಿತಕ್ಕೂ ಟಕ್ ಟಕ್ ಸದ್ದು. ಪೆಡಲ್ ಇರಬೇಕು ಅಂದುಕೊಂಡು ಅದಕ್ಕೆ ಗ್ರೀಸ್ ಹಾಕಿದೆ. ಸೀಟ್ ಪೋಸ್ಟ್ ಬಿಚ್ಚಿ ಒರೆಸಿದೆ. ಎರಡು ದಿನ ಆದ ಮೇಲೆ ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಅಲ್ಲಾಡಿತು! ಹಳೆಯ ಬೋಲ್ಟ್ ಮತ್ತು ನಟ್ ಎರಡು ರಿಂಗ್‌ಗಳ ದಪ್ಪಕ್ಕೆ ಮಾಡಿದ್ದು. ಒಂದೇ ರಿಂಗ್ ಇದ್ದಾಗ ನಟ್ಟಿನ ತುದಿಗೆ ಬೋಲ್ಟ್ ಮುಟ್ಟಿ ನಿಂತುಬಿಡುತ್ತದೆ. ಕೈಗೆ ಬಿಗಿ ಅನಿಸುತ್ತದೆ, ರಿಂಗ್ ಮಾತ್ರ ಸಡಿಲ. ಒಂಟಿ ರಿಂಗಿಗೆ ಅಂತಲೇ ಗಿಡ್ಡ ಬೋಲ್ಟ್ ಸಿಗುತ್ತವೆ. ಅವು ಬರುವ ತನಕ ಅಜ್ಜ ತಮ್ಮ ಡಬ್ಬಿಯಿಂದ ನಾಲ್ಕು ತೆಳು ವಾಷರ್ ಹುಡುಕಿ ಕೊಟ್ಟರು. "ಒಂದು ರಿಂಗಿಗೆ ಇಷ್ಟು ರಗಳೆ" ಅಂತ ಒಂದು ಮಾತು ಸೇರಿಸಿಯೇ ಕೊಟ್ಟರು.

ಚೈನಿನ ಉದ್ದದಲ್ಲೂ ಎಡವಿದ್ದೆ. 44ರ ರಿಂಗಿಗೆ ಅಳೆದ ಚೈನ್ 32ಕ್ಕೆ ಉದ್ದ ಜಾಸ್ತಿ. ಕಲ್ಲಿನ ಇಳಿಜಾರಿನಲ್ಲಿ ಅದು ಜೋಲಾಡಿ ಫ್ರೇಮಿಗೆ ಹೊಡೆಯುತ್ತಿತ್ತು. ಮುಂದೆ 12 ಹಲ್ಲು ಕಡಿಮೆಯಾದರೆ ಚೈನ್ 6 ಕೊಂಡಿಯಷ್ಟು ಗಿಡ್ಡವಾಗಬೇಕು. ಅಷ್ಟು ಕತ್ತರಿಸಿದೆ. ಆದರೂ ದೊಡ್ಡ ಕಲ್ಲಿನ ದಾರಿಯಲ್ಲಿ ಎರಡು ಸಲ ಚೈನ್ ಬಿತ್ತು. ನ್ಯಾರೋ-ವೈಡ್ ಇದ್ದರೂ ಬಿತ್ತಲ್ಲ ಅಂತ ಸಿಟ್ಟು ಬಂತು. ಅದರ ಕಾರಣ ಆಮೇಲೆ ಹೇಳುತ್ತೇನೆ.

ನಿಜವಾದ ಪೆಟ್ಟು ಬಿದ್ದದ್ದು ಕೈಮರ ದಾಟಿದ ಮೇಲೆ. ಅಲ್ಲಿಂದ ಸೀತಾಳಯ್ಯನಗಿರಿಗೆ ಹೋಗುವ ಏರನ್ನು ಹಳೆಯ ಗೇರಿನಲ್ಲಿ ನಿಧಾನಕ್ಕೆ, ಆದರೆ ಇಳಿಯದೆ ಹತ್ತುತ್ತಿದ್ದೆ. ಆ ದಿನ ಎರಡನೇ ದೊಡ್ಡ ತಿರುವಿನಲ್ಲೇ ಮೊಣಕಾಲು ಉರಿಯಲು ಶುರುವಾಯಿತು. ಮೂರನೆಯದರಲ್ಲಿ ಇಳಿದು ತಳ್ಳಿದೆ. ಪ್ರವಾಸಿಗಳ ಜೀಪಿನಿಂದ ಒಂದು ಮಗು ಕೈ ಬೀಸಿತು. ನಾನೂ ಬೀಸಿದೆ. ಇನ್ನೇನು ಮಾಡೋದು.

ಮನೆಗೆ ಬಂದು ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ನನ್ನ 27.5 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, 2.2ರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತು ತುಳಿದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಅಂತ ಸಿಗುತ್ತದೆ. ಹಳೆಯ ಅತಿ ಹಗುರ ಗೇರ್, ಅಂದರೆ 22ಕ್ಕೆ 34, ಒಂದು ಸುತ್ತಿಗೆ 1.42 ಮೀಟರ್. ನನ್ನ ಜಿಪುಣ ಸೆಟ್ಟಿನ 32ಕ್ಕೆ 34, ಒಂದು ಸುತ್ತಿಗೆ 2.07 ಮೀಟರ್. ಅಂದರೆ ಪ್ರತಿ ತುಳಿತಕ್ಕೂ ಸುಮಾರು ಒಂದೂವರೆ ಪಟ್ಟು ಭಾರ. ತಳ್ಳದೆ ಇನ್ನೇನಾಗುತ್ತದೆ?

ಈ ಲೆಕ್ಕವನ್ನು ಕಾಗದದ ಮೇಲೆ ಮುಂದುವರಿಸಿದೆ. ಹಿಂದೆ 42 ಹಲ್ಲಿನ ದೊಡ್ಡ ಚಕ್ರ, ಮುಂದೆ 32 ಹಾಕಿದರೆ 1.68 ಮೀಟರ್. ಮುಂದೆ 30 ಮಾಡಿದರೆ 1.57. ಹಿಂದೆ 46, ಮುಂದೆ 32 ಆದರೆ 1.53. ಹಿಂದೆ 46, ಮುಂದೆ 30 ಆದರೆ 1.43. ಇದು ಹಳೆಯದಕ್ಕೆ ಹೆಚ್ಚು ಕಡಿಮೆ ಸಮ. ಅಲ್ಲಿಗೆ ಆಯ್ಕೆ ಮುಗಿಯಿತು. ಏರಿನ ಗೇರ್ ಬಿಟ್ಟುಕೊಡುವುದಿಲ್ಲ, ವೇಗದ ಗೇರ್ ಬಿಟ್ಟುಕೊಡುತ್ತೇನೆ ಅಂತ ಆ ದಿನ ನಿರ್ಧಾರವಾಯಿತು. ವೇಗದ ಕಡೆ 44ಕ್ಕೆ 11ರಲ್ಲಿ ಒಂದು ಸುತ್ತಿಗೆ 8.8 ಮೀಟರ್ ಹೋಗುತ್ತಿದ್ದದ್ದು ಈಗ 6 ಮೀಟರಿಗೆ ಇಳಿಯುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 32 ಕಿ.ಮೀ. ತೋಟದ ದಾರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಹಿಂದೆ 46 ಬೇಕು ಅಂದರೆ ಉಳಿದದ್ದೆಲ್ಲ ಬದಲಾಗಬೇಕಿತ್ತು. ಹಳೆಯ ಡಿರೇಲರ್‌ಗೆ ಅಷ್ಟು ದೊಡ್ಡ ಚಕ್ರ ನುಂಗಲು ಆಗುವುದಿಲ್ಲ. 10 ಸ್ಪೀಡ್‌ಗೆ, ಅಂದರೆ ಹಿಂದೆ ಹತ್ತು ಹಲ್ಲುಚಕ್ರಕ್ಕೆ ಹೋದೆ. 11-46 ಕ್ಯಾಸೆಟ್, ಕ್ಲಚ್ ಇರುವ ಉದ್ದ ಕೇಜಿನ (ಚೈನ್ ಹಾಯುವ ಕೆಳಗಿನ ತೋಳಿನ) ಡಿರೇಲರ್, ಬಲಗೈ ಶಿಫ್ಟರ್ (ಗೇರ್ ಬದಲಿಸುವ ಲಿವರ್), ಹೊಸ ಚೈನ್. ಶಿಫ್ಟರ್ ಹಳೆಯದೇ ಇರಲಿ ಅಂತ ಯೋಚಿಸುವವರಿಗೆ ಒಂದು ಮಾತು. ಶಿಮಾನೊ ಕಂಪನಿಯ 9 ಸ್ಪೀಡ್ ಮೌಂಟನ್ ಶಿಫ್ಟರ್ ಒಂದು ಕ್ಲಿಕ್‌ಗೆ ಎಳೆಯುವ ವೈರಿನ ಅಳತೆಯೇ ಬೇರೆ, 10 ಸ್ಪೀಡಿನ ಡಿರೇಲರ್‌ಗೆ ಬೇಕಾದ ಅಳತೆಯೇ ಬೇರೆ. ಎಷ್ಟು ತಿರುಗಿಸಿದರೂ ಹೊಂದುವುದಿಲ್ಲ. ಹಬ್ ಮಾತ್ರ ಬದಲಿಸಬೇಕಾಗಲಿಲ್ಲ. 8, 9, 10 ಸ್ಪೀಡ್ ಮೌಂಟನ್ ಕ್ಯಾಸೆಟ್‌ಗಳು ಶಿಮಾನೊದ ಒಂದೇ ಬಗೆಯ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಹಿಡಿಯುವ ಭಾಗ) ಮೇಲೆ ಕೂರುತ್ತವೆ. 12 ಸ್ಪೀಡ್‌ಗೆ ಆಸೆಪಟ್ಟಿದ್ದರೆ ಅವರದೇ ಮೈಕ್ರೋ ಸ್ಪ್ಲೈನ್ ಅನ್ನುವ ಬೇರೆ ಬಗೆಯ ಫ್ರೀಹಬ್ ಬೇಕಾಗುತ್ತಿತ್ತು, ಅಂದರೆ ಬಹುಪಾಲು ಹೊಸ ಚಕ್ರವೇ. ನನ್ನ ಆಸೆ ಅಲ್ಲಿಗೇ ನಿಂತಿತು. ಇಷ್ಟಕ್ಕೇ ಸುಮಾರು ₹14,000 ಆಗಿತ್ತು.

30 ಹಲ್ಲಿನ ರಿಂಗ್ ನೋಡಿ ಮೊದಲು ಗಾಬರಿಯಾದೆ. 104ರ ವೃತ್ತಕ್ಕೆ 30 ತೀರಾ ಸಣ್ಣ. ನಟ್ ಇಡಲು ಜಾಗ ಇಲ್ಲ, ಹಾಗಾಗಿ ರಿಂಗಿನಲ್ಲೇ ಥ್ರೆಡ್ ಕೊರೆದಿರುತ್ತಾರೆ. ಬೋಲ್ಟ್ ಹೊರಗಿನಿಂದ ಬಂದು ನೇರ ರಿಂಗಿಗೆ ಕಚ್ಚುತ್ತದೆ. ಕ್ರ್ಯಾಂಕಿನ ಕೈಗಳಿಗೆ ಚೈನ್ ತಾಗಬಾರದು ಅಂತ ಹಲ್ಲುಗಳು ಸ್ವಲ್ಪ ಒಳಕ್ಕೆ ಸರಿದಿರುತ್ತವೆ. ಇದರಿಂದ ಒಂದು ಲಾಭವೂ ಇದೆ, ಹಿಂದಿನ ದೊಡ್ಡ ಚಕ್ರಕ್ಕೆ ಚೈನ್ ಸ್ವಲ್ಪ ನೇರವಾಗಿ ಹೋಗುತ್ತದೆ. ಥ್ರೆಡ್ ಅಲ್ಯೂಮಿನಿಯಂನದ್ದು, ಹಾಗಾಗಿ ಗಂಡಸುತನ ತೋರಿಸಿ ಬಿಗಿಯಬೇಡಿ.

ಹಿಂದಿನ ಕ್ಯಾಸೆಟ್ ತೆಗೆಯಲು ಚೈನ್ ವಿಪ್ (ಕ್ಯಾಸೆಟ್ ತಿರುಗದಂತೆ ಹಿಡಿಯುವ ಸಾಧನ) ಮತ್ತು ಲಾಕ್‌ರಿಂಗ್ ಟೂಲ್ (ಕ್ಯಾಸೆಟ್ ಬಿಗಿಹಿಡಿಯುವ ಬಳೆಯನ್ನು ತಿರುಗಿಸುವುದು) ಬೇಕೇ ಬೇಕು. ಹೊಸದನ್ನು ಬಿಗಿಯುವಾಗ ಲಾಕ್‌ರಿಂಗ್ ಮೇಲೆ 40 ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ. ಟಾರ್ಕ್ ರೆಂಚ್ ನನ್ನ ಹತ್ತಿರ ಇಲ್ಲ. ಉದ್ದ ಪಾನಾ ಹಿಡಿದು ಚೆನ್ನಾಗಿಯೇ ಬಿಗಿದೆ.

ಚೈನ್ ಅಳೆಯುವುದು ಹೀಗೆ: ಡಿರೇಲರ್ ಒಳಗೆ ಹಾಯಿಸದೆ, ಮುಂದಿನ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಚಕ್ರದ ಮೇಲೆ ಸುತ್ತಿ, ತುದಿಗಳು ಸೇರುವ ಜಾಗ ಗುರುತು ಮಾಡಿಕೊಳ್ಳಬೇಕು. ಅದಕ್ಕೆ ಎಷ್ಟು ಕೊಂಡಿ ಸೇರಿಸಬೇಕು ಅನ್ನುವುದು ಡಿರೇಲರಿನ ಕೈಪಿಡಿಯಲ್ಲಿ ಇರುತ್ತದೆ. ಹಳೆಯ ಚೈನ್ ಪಕ್ಕದಲ್ಲಿಟ್ಟು ಅಳೆದು ಕತ್ತರಿಸಬೇಡಿ. ಚೈನನ್ನು ರಿಂಗ್ ಮೇಲೆ ಕೂರಿಸುವಾಗ ದಪ್ಪ ಹಲ್ಲು ಅಗಲ ಸಂದಿಗೇ ಬಂತಾ ನೋಡಿ. ಒಂದು ಹಲ್ಲು ತಪ್ಪಿದರೂ ಚೈನ್ ಹಲ್ಲಿನ ತಲೆಯ ಮೇಲೆ ಸವಾರಿ ಮಾಡುತ್ತದೆ.

ಮೊದಲ ಸಂಜೆ ಗೇರ್ ಹೊಂದಿಸಲು ಹೋಗಿ ಸೋತೆ. ಕೆಳಗಿನ ನಾಲ್ಕು ಸರಿ ಮಾಡಿದರೆ ಮೇಲಿನ ಮೂರು ಕೆಡುತ್ತಿದ್ದವು. ವೈರ್ ಬಿಗಿ ಮಾಡಿದೆ, ಸಡಿಲ ಮಾಡಿದೆ, ರಾತ್ರಿ ಊಟಕ್ಕೆ ಕರೆ ಬರುವ ತನಕ ಅದೇ. ಬೆಳಿಗ್ಗೆ ಅಜ್ಜನ ಹತ್ತಿರ ತೆಗೆದುಕೊಂಡು ಹೋದೆ. ಅವರು ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. "ಹ್ಯಾಂಗರ್ ಬಗ್ಗಿದೆ. ಎಲ್ಲಿ ಬಿದ್ದಿದ್ದೆ?" ಹ್ಯಾಂಗರ್ ಅಂದರೆ ಹಿಂದಿನ ಡಿರೇಲರ್ ನೇತಾಡುವ ಲೋಹದ ತುಂಡು. ಬಿದ್ದದ್ದು ನಿಜ, ಆರು ತಿಂಗಳ ಹಿಂದೆ. 9 ಸ್ಪೀಡಿನಲ್ಲಿ ಅಷ್ಟು ಬಾಗು ನಡೆದುಹೋಗುತ್ತಿತ್ತು. 10ರಲ್ಲಿ ಚಕ್ರಗಳ ನಡುವಿನ ಜಾಗ ಕಡಿಮೆ, ಹಾಗಾಗಿ ಸಿಕ್ಕಿಬಿತ್ತು. ಅವರು ಡಿರೇಲರ್ ಬಿಚ್ಚಿ, ಹ್ಯಾಂಗರಿನ ತೂತಿಗೆ ಇನ್ನೊಂದು ಸೈಕಲ್ಲಿನ ಹಿಂದಿನ ಚಕ್ರದ ಆಕ್ಸಲ್ ತಿರುಗಿಸಿ ಸೇರಿಸಿದರು. ಎರಡು ಚಕ್ರ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುವ ತನಕ ಮೆಲ್ಲಗೆ ಬಗ್ಗಿಸಿದರು. ಹತ್ತು ನಿಮಿಷದ ಕೆಲಸ. ನನ್ನ ಒಂದು ಸಂಜೆ ಸುಮ್ನೆ ಹೋಗಿತ್ತು.

ಆಮೇಲೆ ಬಿ-ಸ್ಕ್ರೂ, ಅಂದರೆ ಡಿರೇಲರ್ ಹಲ್ಲುಚಕ್ರದಿಂದ ಎಷ್ಟು ದೂರ ನಿಲ್ಲಬೇಕು ಅಂತ ಹೊಂದಿಸುವ ತಿರುಪು. ಸಣ್ಣ ಕ್ಯಾಸೆಟ್‌ಗಳಲ್ಲಿ ಇದನ್ನು ಯಾರೂ ಮುಟ್ಟುವುದಿಲ್ಲ. 46ರಲ್ಲಿ ಮುಟ್ಟಲೇಬೇಕು. ಡಿರೇಲರಿನ ಮೇಲಿನ ಪುಟ್ಟ ಚಕ್ರ ದೊಡ್ಡ ಹಲ್ಲುಚಕ್ರಕ್ಕೆ ಉಜ್ಜಬಾರದು, ದೂರವೂ ಆಗಬಾರದು. ನಾನು 6 ಮಿ.ಮೀ.ನ ಅಲೆನ್ ಕೀಯನ್ನು ನಡುವೆ ತೂರಿಸಿ ಅಳೆದೆ.

ಚೈನ್ ಬೀಳುತ್ತಿದ್ದ ಕಾರಣ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಕ್ಲಚ್. ಹಳೆಯ ಡಿರೇಲರಿನ ಕೇಜ್ ಸ್ಪ್ರಿಂಗ್ ಮೇಲೆ ಮಾತ್ರ ನಿಂತಿತ್ತು. ಕಲ್ಲು ಹತ್ತಿದಾಗಲೆಲ್ಲ ಮುಂದಕ್ಕೆ ಹಾರಿ ಚೈನನ್ನು ಸಡಿಲ ಬಿಡುತ್ತಿತ್ತು. ಕ್ಲಚ್ ಇದ್ದರೆ ಕೇಜ್ ಮುಂದಕ್ಕೆ ಹೋಗುವಾಗ ಒಂದು ತಡೆ ಇರುತ್ತದೆ. ಚೈನ್ ಬಿಗಿಯಾಗಿಯೇ ಉಳಿಯುತ್ತದೆ. ಚಕ್ರ ಕಳಚುವಾಗ ಸಣ್ಣ ಲಿವರಿನಿಂದ ಕ್ಲಚ್ ಆಫ್ ಮಾಡಿಕೊಳ್ಳಬಹುದು. ಮತ್ತೆ ಆನ್ ಮಾಡಲು ನಾನು ಎರಡು ಸಲ ಮರೆತಿದ್ದೇನೆ. ಎರಡೂ ಸಲ ಫ್ರೇಮಿಗೆ ಚೈನ್ ಹೊಡೆಯುವ ಸದ್ದೇ ನೆನಪಿಸಿತು.

ಈಗ ಒಂದು ಮಳೆಗಾಲ ಪೂರ್ತಿ ಓಡಿಸಿ ಆಗಿದೆ. ಒಮ್ಮೆಯೂ ಚೈನ್ ಬಿದ್ದಿಲ್ಲ. ಸೀತಾಳಯ್ಯನಗಿರಿಗೆ ಇಳಿಯದೆ ಹತ್ತಿದ್ದೇನೆ, ಹಳೆಯ ವೇಗದಲ್ಲೇ, ಅಂದರೆ ಎಮ್ಮೆಯ ವೇಗದಲ್ಲಿ. ತಕರಾರುಗಳೂ ಇವೆ. ಕ್ಯಾಸೆಟ್ಟಿನ ಕೊನೆಯ ಎರಡು ಚಕ್ರ 37 ಮತ್ತು 46. ನಡುವಿನ ಜಿಗಿತ ದೊಡ್ಡದು. ಒಂದರಲ್ಲಿ ಭಾರ, ಇನ್ನೊಂದಕ್ಕೆ ಹೋದರೆ ಕಾಲು ಬಡಬಡ ತಿರುಗುತ್ತದೆ. ನಡುವೆ ಒಂದು ಬೇಕಿತ್ತು ಅಂತ ಪ್ರತಿ ಏರಿನಲ್ಲೂ ಅನಿಸುತ್ತದೆ. ಕಡೂರು ರಸ್ತೆಯಲ್ಲಿ ರೋಡ್ ಬೈಕಿನವರ ಜೊತೆ ಹೋದರೆ ಹಿಂದೆ ಬೀಳುವುದು ಖಚಿತ. ತೂಕ ಇಳಿಯುತ್ತದೆ ಅನ್ನುತ್ತಾರಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ನೋಡಿದೆ. ಕಿತ್ತದ್ದು ಸುಮಾರು ಅರ್ಧ ಕೆ.ಜಿ. ಆದರೆ ದೊಡ್ಡ ಕ್ಯಾಸೆಟ್ ಅದರಲ್ಲಿ ಇನ್ನೂರು ಗ್ರಾಂ ವಾಪಸ್ ತಂದಿತು. ಬರೀ ತೂಕಕ್ಕಾಗಿ ಇದನ್ನು ಮಾಡುವುದಾದರೆ ಬೇಡ.

ಹೋದ ತಿಂಗಳು ಪಕ್ಕದ ಮನೆಯ ಪಿಯುಸಿ ಹುಡುಗ ತನ್ನ ಸೈಕಲ್ ತಂದು, "ಅಣ್ಣ, ನನ್ನದಕ್ಕೂ ಒಂದೇ ರಿಂಗ್ ಮಾಡ್ಕೊಡಿ" ಅಂದ. ತಿರುಗಿಸಿ ನೋಡಿದೆ. ಹಿಂದೆ 7 ಸ್ಪೀಡ್, ಹಬ್ಬಿಗೆ ತಿರುಪಿ ಕೂರಿಸುವ ಹಳೆ ಬಗೆಯ ಫ್ರೀವೀಲ್. ಕ್ಯಾಸೆಟ್ ಅಲ್ಲ. ದೊಡ್ಡ ಕ್ಯಾಸೆಟ್ ಹಾಕಬೇಕು ಅಂದರೆ ಅವನಿಗೆ ಹೊಸ ಹಬ್ಬಿನಿಂದಲೇ ಶುರು ಮಾಡಬೇಕು. ಸೈಕಲ್ಲಿನ ಬೆಲೆಗೆ ಹತ್ತಿರದ ಖರ್ಚು. ಬೇಡ ಅಂದೆ, ಅವನ ಮುಖ ಸಪ್ಪಗಾಯಿತು. ಮುಂದಿನ ಡಿರೇಲರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಒಂದು ಮಿಲಿಮೀಟರ್ ಕೆಳಗಿಳಿಸಿ ನೇರ ಮಾಡಿ, ಲಿಮಿಟ್ ಸ್ಕ್ರೂ (ಚೈನ್ ರಿಂಗ್ ದಾಟಿ ಹೋಗದಂತೆ ತಡೆಯುವ ತಿರುಪು) ಹೊಂದಿಸಿ, ಹೊಸ ಗೇರ್ ವೈರ್ ಎಳೆದುಕೊಟ್ಟೆ. ವೈರಿಗೆ ₹60 ಆಯಿತು. ಅವನಿನ್ನೂ ಮೂರೂ ರಿಂಗ್ ಓಡಿಸುತ್ತಿದ್ದಾನೆ.