ಅಮ್ಮನ ಸಾರಿನ ಪುಡಿ ಅಳತೆ ಹುಡುಕಲು ಸೆಶಾಟ್ ಬಿಲ್ಡ್ ಮಾಡಿದೆ

2020ರಲ್ಲಿ ರಯಟ್ ಎಂಬ ಚಾಟ್ ಆ್ಯಪ್ ತನ್ನ ಹೆಸರನ್ನು ಎಲಿಮೆಂಟ್ ಎಂದು ಬದಲಿಸಿಕೊಂಡ ಹೊಸತು. ನಮ್ಮ ಮನೆಯವರೆಲ್ಲ ಅದರಲ್ಲೇ ಮಾತಾಡುತ್ತಿದ್ದೆವು. ಅಮ್ಮ ಎಂದೋ ಸಾರಿನ ಪುಡಿಯ ಅಳತೆ ಬರೆದಿದ್ದರು. ಬ್ರೌಸರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ನಮ್ಮ ಚಾಟ್ ರೂಮ್ ಎನ್‌ಕ್ರಿಪ್ಟ್ ಆಗಿದೆ, ಸರ್ವರಿಗೆ ನಮ್ಮ ಮಾತು ಓದಲು ಬರುವುದಿಲ್ಲ. ಓದಲಾಗದ್ದನ್ನು ಅದು ಹುಡುಕುವುದು ಹೇಗೆ ಅಲ್ವಾ? ಹುಡುಕುವ ಕೆಲಸ ನಮ್ಮ ಕಂಪ್ಯೂಟರಿನಲ್ಲೇ ಆಗಬೇಕು.

ಎಲಿಮೆಂಟ್ ಡೆಸ್ಕ್‌ಟಾಪಿನಲ್ಲಿ ಆ ಕೆಲಸ ಮಾಡುವುದು ಸೆಶಾಟ್ ಎಂಬ ನೇಟಿವ್ ಮಾಡ್ಯೂಲ್, ಅಂದರೆ ಆಯಾ ಯಂತ್ರಕ್ಕೆ ತಕ್ಕಂತೆ ಕಟ್ಟಬೇಕಾದ ತುಣುಕು. ರಸ್ಟ್ ಭಾಷೆಯಲ್ಲಿ ಬರೆದದ್ದು. ಸಂದೇಶಗಳನ್ನು ಎಸ್‌ಕ್ಯುಎಲ್‌ಸೈಫರ್ ಎಂಬ ಡೇಟಾಬೇಸ್‌ನಲ್ಲಿ ಬೀಗ ಹಾಕಿ ಇಡುತ್ತದೆ, ಹುಡುಕಲು ಟ್ಯಾಂಟಿವಿ ಎಂಬ ಲೈಬ್ರರಿಯನ್ನು ಬಳಸುತ್ತದೆ. ನನ್ನದು ಫೆಡೋರಾ ಲಿನಕ್ಸ್. ಆಗ ಎಲಿಮೆಂಟ್‌ನವರು ಲಿನಕ್ಸ್‌ಗೆ ಕೊಡುತ್ತಿದ್ದದ್ದು ಡೆಬಿಯನ್, ಉಬುಂಟು ಪ್ಯಾಕೇಜ್ ಮಾತ್ರ. ಹಾಗಾಗಿ ಸೋರ್ಸ್‌ನಿಂದಲೇ ಕಟ್ಟಲು ಕೂತೆ.

ಮೊದಲ ಸಲ ಸೆಶಾಟನ್ನು ಸುಮ್ನೆ ಯಾರ್ನ್ ಎಂಬ ಪ್ಯಾಕೇಜ್ ತರುವ ಉಪಕರಣದಿಂದ ಸೇರಿಸಿದೆ. ಬಿಲ್ಡ್ ಚೆನ್ನಾಗಿಯೇ ಮುಗಿಯಿತು. ಆ್ಯಪ್ ತೆರೆದರೆ ಮಾಡ್ಯೂಲ್ ಲೋಡ್ ಆಗಲಿಲ್ಲ. ಎರರ್‌ನಲ್ಲಿ ಎರಡು ಸಂಖ್ಯೆ ಇದ್ದವು, 72 ಮತ್ತು 80. ಗುಟ್ಟು ಅಲ್ಲೇ ಇತ್ತು. ಮಾಡ್ಯೂಲ್ ಯಾವುದಕ್ಕೆ ಕಟ್ಟಿದ್ದು ಎಂದು ಹೇಳುವ ಸಂಖ್ಯೆಗಳವು. 72 ಎಂದರೆ ನನ್ನ ಸಿಸ್ಟಮ್‌ನ ನೋಡ್ 12, ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ. 80 ಎಂದರೆ ಎಲೆಕ್ಟ್ರಾನ್ 9, ಎಲಿಮೆಂಟ್ ಡೆಸ್ಕ್‌ಟಾಪ್ ಓಡುವುದು ಎಲೆಕ್ಟ್ರಾನ್ ಮೇಲೆ. ಎಲೆಕ್ಟ್ರಾನ್ ಒಳಗೆ ಅದರದ್ದೇ ನೋಡ್ ಇರುತ್ತದೆ. ಹೊರಗಿನ ನೋಡ್‌ಗೆ ಹೊಲಿದ ಅಂಗಿ ಅದಕ್ಕೆ ಹಿಡಿಸುವುದಿಲ್ಲ.

ಇದಕ್ಕಾಗಿಯೇ ಅವರ ಪ್ರಾಜೆಕ್ಟ್‌ನಲ್ಲಿ ಹ್ಯಾಕ್ ಎಂಬ ಸ್ಕ್ರಿಪ್ಟ್‌ಗಳಿವೆ. 'ಯಾರ್ನ್ ರನ್ ಬಿಲ್ಡ್:ನೇಟಿವ್' ಎಂದರೆ ಬೇಕಾದ ಉಪಕರಣ ಇವೆಯೇ ಎಂದು ನೋಡುತ್ತದೆ, ಮಾಡ್ಯೂಲ್ ತರುತ್ತದೆ, ಎಲೆಕ್ಟ್ರಾನ್‌ಗೆ ತಕ್ಕ ಹಾಗೆ ಕಟ್ಟಿ ಜಾಗಕ್ಕೆ ಇಡುತ್ತದೆ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ನಾನು ಒಂದೊಂದೇ ಹಂತ ಓಡಿಸಿದೆ. ಹೊಸಬರೂ ಹಾಗೇ ಮಾಡಿ, ಎಲ್ಲಿ ನಿಂತಿತು ಎಂದು ತಕ್ಷಣ ಗೊತ್ತಾಗುತ್ತದೆ. ಪಾಸ್‌ವರ್ಡ್ ಇಡುವ ಕೀಟಾರ್‌ಗೆ ಲಿಬ್‌ಸೀಕ್ರೆಟ್ ಲೈಬ್ರರಿಯ ಡೆವೆಲ್ ಪ್ಯಾಕೇಜ್ (ಬಿಲ್ಡ್ ಮಾಡಲು ಬೇಕಾದ ಕಡತಗಳು) ಸಾಕಾಯಿತು. ಸೆಶಾಟ್ ಲಿಂಕಿಂಗ್ ಹಂತದಲ್ಲಿ, ಅಂದರೆ ಲೈಬ್ರರಿಗಳನ್ನು ಜೋಡಿಸುವಾಗ ನಿಂತಿತು. ಎಸ್‌ಕ್ಯುಎಲ್‌ಸೈಫರ್‌ನ ಡೆವೆಲ್ ಪ್ಯಾಕೇಜ್ ಹಾಕಿದ ಮೇಲೆ ದಾಟಿತು.

ಅದೇ ಬಿಲ್ಡನ್ನು ತಂಗಿಗೆ ಕಳಿಸಿದೆ. ಅವಳದ್ದೂ ಫೆಡೋರಾ, ಆದರೂ ಹುಡುಕಾಟ ಕೆಲಸ ಮಾಡಲಿಲ್ಲ. ಅವಳ ಯಂತ್ರದಲ್ಲಿ ಎಸ್‌ಕ್ಯುಎಲ್‌ಸೈಫರ್ ಇರಲೇ ಇಲ್ಲ. ನನ್ನ ಬಿಲ್ಡ್ ಆ ಲೈಬ್ರರಿಯನ್ನು ಹೊರಗಿನಿಂದ ಎತ್ತಿಕೊಳ್ಳುತ್ತಿತ್ತು, ಜೊತೆಗೆ ಕಟ್ಟಿಕೊಂಡಿರಲಿಲ್ಲ. ಬೇರೆಯವರಿಗೆ ಕೊಡುವುದಾದರೆ 'ಎಲ್‌ಡಿಡಿ' ಕಮಾಂಡ್ ಓಡಿಸಿ ಏನೇನು ಹೊರಗಿನದು ಎಂದು ಮೊದಲೇ ನೋಡಿ.

ಕೊನೆಗೆ ಎಲಿಮೆಂಟ್ ಹಿನ್ನೆಲೆಯಲ್ಲಿ ಹಳೆಯ ಸಂದೇಶಗಳನ್ನು ತರಿಸಿಕೊಂಡು ಇಂಡೆಕ್ಸ್ ಮಾಡತೊಡಗಿತು. ಮರುದಿನ 'ಮೆಂತ್ಯ' ಎಂದು ಹುಡುಕಿದೆ. ಸಿಗಲಿಲ್ಲ! 'ಧನಿಯಾ' ಎಂದೆ, ಅಮ್ಮನ ಸಂದೇಶ ಬಂತು. ಅದರಲ್ಲೇ 'ಮೆಂತ್ಯವನ್ನು ಜಾಸ್ತಿ ಹುರಿಯಬೇಡ' ಎಂದೂ ಇತ್ತು. ಮತ್ತೆ ಯಾಕೆ ಸಿಗಲಿಲ್ಲ?

ಸಾಲನ್ನು ಪದಗಳಾಗಿ ಒಡೆಯುವ ಭಾಗಕ್ಕೆ ಟೋಕನೈಸರ್ ಎನ್ನುತ್ತಾರೆ. ಟ್ಯಾಂಟಿವಿಯ ಸರಳ ಟೋಕನೈಸರ್ ಅಕ್ಷರವೂ ಅಂಕಿಯೂ ಅಲ್ಲದ್ದು ಬಂದ ಕಡೆ ಪದ ಮುಗಿಯಿತು ಎಂದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗಳು ಅಕ್ಷರದ ಲೆಕ್ಕಕ್ಕೆ ಬರುತ್ತವೆ, ಹಲಂತ ಬರುವುದಿಲ್ಲ. ಹಾಗಾಗಿ 'ಮೆಂತ್ಯವನ್ನು' ಎಂಬುದು 'ಮೆಂತ', 'ಯವನ', 'ನು' ಎಂದು ಮೂರು ತುಂಡಾಯಿತು. ನಾನು ಹುಡುಕಿದ 'ಮೆಂತ್ಯ' ಆದದ್ದು 'ಮೆಂತ' ಮತ್ತು 'ಯ', ಆ 'ಯ' ಅಲ್ಲಿ ಇರಲಿಲ್ಲ. 'ಕನ್ನಡ' ಎಂದರೆ 'ಕನ' ಮತ್ತು 'ನಡ'. ಒತ್ತಕ್ಷರ ಇರುವ ಪ್ರತಿ ಪದವೂ ಹೀಗೆ ಒಡೆಯುತ್ತದೆ. ಕನ್ನಡದಲ್ಲಿ ಅಂಥ ಪದ ಎಷ್ಟು ಎಂದು ಹೇಳಬೇಕೇ? ಇದನ್ನು ನೋಡಿ ನಿಜಕ್ಕೂ ಬೇಜಾರಾಯಿತು. ಮನೆಮಾತನ್ನು ಕಾಪಾಡಲು ಇಷ್ಟೆಲ್ಲ ಮಾಡಿ, ಅದೇ ಮಾತು ಚೂರಾಗುವುದೆಂದರೆ!

ನನ್ನ ಪ್ರತಿಯಲ್ಲಿ ಹಲಂತವನ್ನೂ ಅಕ್ಷರದಂತೆ ನೋಡುವ ಟೋಕನೈಸರ್ ಬರೆದು ಸೇರಿಸಿದೆ. ಬದಲಾವಣೆ ಕೆಲವೇ ಸಾಲು. ಹಳೆಯ ಇಂಡೆಕ್ಸ್ ಹಳೆಯ ತುಂಡುಗಳಿಂದಲೇ ಆಗಿತ್ತು, ಅದನ್ನು ಅಳಿಸಿ ಮೊದಲಿನಿಂದ ಮಾಡಿಸಬೇಕಾಯಿತು. ಈಗ ಪದಗಳು ಇಡಿಯಾಗಿ ಉಳಿಯುತ್ತವೆ. 'ಮೆಂತ್ಯವನ್ನು' ಎಂದರೆ ಸಿಗುತ್ತದೆ, ಬರೀ 'ಮೆಂತ್ಯ' ಎಂದರೆ ಇನ್ನೂ ಇಲ್ಲ. ವಿಭಕ್ತಿ ಕಳಚಿ ಮೂಲ ಪದ ಹಿಡಿಯುವ ಸ್ಟೆಮರ್ ಬೇಕು. ಸದ್ಯ 'ಅನ್ನು', 'ಗೆ', 'ಅಲ್ಲಿ' ಈ ಮೂರನ್ನು ಕಳಚುವುದನ್ನು ಬರೆಯುತ್ತಿದ್ದೇನೆ.